ಹಳೆಯ ತಂತ್ರಾಂಶವೂ ಹೊಸ ಗಣಕಯಂತ್ರವೂ

ಊರಿನಿಂದ ಮುಂಬಯಿ ಸೀಮೆಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹಿತ್ತಾಳೆಯ ಕೊಳಗ, ಹಲಸಿನ ಮರದ ಮಣೆ, ತೆಂಗಿನಕಾಯಿ ಹೆರೆಯುವ ಈಳಿಗೆಮಣೆಗಳು ಇಂದಿಗೂ ಕಾಣಸಿಗುತ್ತವೆ. ಅವು ಹಳೆಯವಾದರೂ ಕೆಲಸಕ್ಕೆ ಬರುತ್ತವೆ. ಗಣಕಯಂತ್ರದ ತಂತ್ರಾಂಶವಾದರೋ ಬೇರೆ ಜಾತಿಯ ವಸ್ತು. ಅದು ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೂ ತನ್ನ ಸುತ್ತಣ ಯಂತ್ರಗಳು ಬದಲಾದೊಡನೆ ಅದು ಮೂಕವಾಗಿಬಿಡುತ್ತದೆ. ಬಲವಂತದಿಂದ ಅದನ್ನು ಮಾತನಾಡಿಸಹೊರಟರೆ ಮನೆಗೆ ಕಳ್ಳನನ್ನು ಕರೆತಂದಂತಾಗುವ ಸಂಭವವೂ ಉಂಟು. ಆದರೆ ಅಂತಹ ತಂತ್ರಾಂಶದಲ್ಲಿ ಬರೆದಿಟ್ಟ ವಿಷಯ ಮಾತ್ರ ಬಹಳ ಬೆಲೆಯುಳ್ಳದ್ದಾಗಿರಬಹುದು. ತಂತ್ರಾಂಶದ ಮೋಹವನ್ನು ಬಿಟ್ಟು, ಅದರೊಳಗಿನ ವಿಷಯವನ್ನು ಸುರಕ್ಷಿತವಾಗಿ ಹೊರತರುವ ಬಗೆ ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ಡೊಂಬಿವಲಿಯಲ್ಲಿಯೋ ಕಲ್ಯಾಣದಲ್ಲಿಯೋ ವಾಸಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರು ಕೆಲವು ವರ್ಷ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವರು. ಅವರ ಕಪಾಟಿನಲ್ಲಿ ಮೂರು ಬಗೆಯ ವಸ್ತುಗಳಿವೆ. ಮೊದಲನೆಯದು, ಎರಡು ದಶಕಗಳ ಹಿಂದೆ ಡಿಟಿಪಿ ಮಾಡಿಸಿದ ಸಂಘದ ಸ್ಮರಣ ಸಂಚಿಕೆಗಳ ಸೀಡಿ. ಎರಡನೆಯದು, ಸಂಘದ ಲೆಕ್ಕಪತ್ರಗಳನ್ನು ತುಂಬಿಟ್ಟ ಹಳೆಯ ಹಾರ್ಡ್ ಡಿಸ್ಕು. ಮೂರನೆಯದು, ಯಜಮಾನರಿಗೇ ಹಲವು ವರ್ಷಗಳ ಹಿಂದೆ ಎದೆಯ ಸ್ಕ್ಯಾನ್ ಮಾಡಿದಾಗ ಆಸ್ಪತ್ರೆಯವರು ಕೊಟ್ಟ ಸೀಡಿ. ಮಗನು ಹೊಸ ಗಣಕಯಂತ್ರವನ್ನು ತಂದಿದ್ದಾನೆ. ಅದರಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಡ್ರೈವ್ ಜೋಡಿಸಿದರೆ ಸೀಡಿಯಲ್ಲಿನ ಕಡತಗಳ ಹೆಸರು ಕಾಣುತ್ತದೆ, ಕಡತ ತೆರೆಯುವುದಿಲ್ಲ. ತೆರೆದರೂ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ತೋಚುವ ಉಪಾಯವೆಂದರೆ, ಹಳೆಯ ತಂತ್ರಾಂಶವನ್ನೇ ಎಲ್ಲಿಂದಲಾದರೂ ತಂದು ಹೊಸ ಯಂತ್ರದಲ್ಲಿ ಕೂರಿಸುವುದು. ಆ ಉಪಾಯವು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ತಿಳಿಯಬೇಕಾದರೆ ಹಳೆಯ ತಂತ್ರಾಂಶ ಏಕೆ ಓಡುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು.

ಹಳೆಯ ತಂತ್ರಾಂಶ ಏಕೆ ಓಡುವುದಿಲ್ಲ?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದಾಗಿ, ಯಂತ್ರದ ಅಳತೆ. ಗಣಕಯಂತ್ರವು ಒಂದು ಬಾರಿಗೆ ಎಷ್ಟು ಅಗಲದ ಸಂಖ್ಯೆಯನ್ನು ನಿಭಾಯಿಸಬಲ್ಲುದೆಂಬುದನ್ನು 'ಬಿಟ್' ಎಂಬ ಮಾನದಿಂದ ಅಳೆಯುತ್ತಾರೆ. ಡಾಸ್ ಮತ್ತು ವಿಂಡೋಸ್ 3.1ರ ಕಾಲದ ತಂತ್ರಾಂಶಗಳು 16 ಬಿಟ್ಟಿನವು. ವಿಂಡೋಸ್ 95ರ ತರುವಾಯ 32 ಬಿಟ್ಟಿನವು ಬಂದವು. ಇಂದಿನ ಯಂತ್ರಗಳು 64 ಬಿಟ್ಟಿನವು. 64 ಬಿಟ್ಟಿನ ವಿಂಡೋಸಿನಲ್ಲಿ 32 ಬಿಟ್ಟಿನ ತಂತ್ರಾಂಶಗಳು ಬಹುಮಟ್ಟಿಗೆ ಓಡುತ್ತವೆ. 16 ಬಿಟ್ಟಿನವು ಓಡುವುದಿಲ್ಲ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ 64 ಬಿಟ್ಟಿನ ಆವೃತ್ತಿ ಮಾತ್ರವೇ ಇದೆ. ಇಲ್ಲೊಂದು ಸೂಕ್ಷ್ಮವೂ ಉಂಟು. 1990ರ ದಶಕದ ಅನೇಕ ತಂತ್ರಾಂಶಗಳು ತಾವು 32 ಬಿಟ್ಟಿನವಾಗಿದ್ದರೂ, ಅವನ್ನು ಯಂತ್ರದಲ್ಲಿ ಕೂರಿಸುವ 'ಸೆಟಪ್' ಕಡತ ಮಾತ್ರ 16 ಬಿಟ್ಟಿನದಾಗಿತ್ತು. ಮನೆಯೊಳಗೆ ಬರಬಲ್ಲ ಅತಿಥಿಯನ್ನು ಬಾಗಿಲಲ್ಲೇ ತಡೆದಂತೆ ಅಂತಹ ತಂತ್ರಾಂಶವು ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಎರಡನೆಯದಾಗಿ, ಬೀಗ. ಡಿಟಿಪಿ ಅಂಗಡಿಗಳಲ್ಲಿ ಬಳಸುತ್ತಿದ್ದ ಅನೇಕ ಭಾರತೀಯ ಭಾಷಾ ತಂತ್ರಾಂಶಗಳಿಗೆ 'ಡಾಂಗಲ್' ಅಥವಾ 'ಹಾರ್ಡ್‌ವೇರ್ ಲಾಕ್' ಎಂಬ ಪುಟ್ಟ ಸಾಧನವಿರುತ್ತಿತ್ತು. ಅದನ್ನು ಪ್ರಿಂಟರು ಜೋಡಿಸುವ ಹಳೆಯ ಅಗಲವಾದ ಕಿಂಡಿಗೆ ಸಿಕ್ಕಿಸಿದ ಹೊರತು ತಂತ್ರಾಂಶವು ತೆರೆಯುತ್ತಿರಲಿಲ್ಲ. ಆ ಕಿಂಡಿಯು ಈಗಿನ ಯಂತ್ರಗಳಲ್ಲಿ ಇಲ್ಲ.

ಮೂರನೆಯದಾಗಿ, ಚಾಲಕ ತಂತ್ರಾಂಶಗಳು. ಪ್ರಿಂಟರು, ಸ್ಕ್ಯಾನರು, ಬೀಗ ಮುಂತಾದುವನ್ನು ಯಂತ್ರಕ್ಕೆ ಪರಿಚಯಿಸುವ 'ಡ್ರೈವರ್'ಗಳಿಗೆ ಡಿಜಿಟಲ್ ಸಹಿ ಇರಲೇಬೇಕೆಂದು 64 ಬಿಟ್ಟಿನ ವಿಂಡೋಸ್ ಒತ್ತಾಯಿಸುತ್ತದೆ. ಹಳೆಯವಕ್ಕೆ ಆ ಸಹಿ ಇಲ್ಲ.

ನಾಲ್ಕನೆಯದಾಗಿ, ಅಧಿಕಾರದ ಪ್ರಶ್ನೆ. ಹಿಂದಿನ ತಂತ್ರಾಂಶಗಳು ಯಂತ್ರದ ಮುಖ್ಯ ಕೋಶಗಳಲ್ಲಿ ತಮಗೆ ಬೇಕಾದಂತೆ ಬರೆದುಕೊಳ್ಳುತ್ತಿದ್ದವು. ಹೊಸ ವಿಂಡೋಸ್ ಅದಕ್ಕೆ ಅನುಮತಿಯನ್ನು ಕೊಡುವುದಿಲ್ಲ. ಕ್ಯಾಷ್ ಕೌಂಟರಿನ ಒಳಗೆ ಗ್ರಾಹಕರು ಬರಬಾರದೆಂಬ ಬ್ಯಾಂಕಿನ ನಿಯಮದಂತೆಯೇ ಇದು. ಕಿರಿಕಿರಿಯೆನಿಸಿದರೂ ಗ್ರಾಹಕರ ಹಿತಕ್ಕಾಗಿಯೇ ಇರುವಂಥದು.

ಬೆಂಬಲ ನಿಂತಿತೆಂದರೇನು?

ತಂತ್ರಾಂಶಗಳಲ್ಲಿ ಕಾಲಕಾಲಕ್ಕೆ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ತಯಾರಕರು ಅವನ್ನು ಮುಚ್ಚುವ ತೇಪೆಗಳನ್ನು ಕಳುಹಿಸುತ್ತಿರುತ್ತಾರೆ. 'ಬೆಂಬಲ ನಿಂತಿತು' ಎಂದರೆ ಇನ್ನು ಮುಂದೆ ಅಂತಹ ತೇಪೆಗಳು ಬರುವುದಿಲ್ಲವೆಂದು ಅರ್ಥ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಯಂತ್ರವು ಮರುದಿನವೂ ಎಂದಿನಂತೆಯೇ ಓಡುತ್ತದೆ. ಆದುದರಿಂದಲೇ ಅಪಾಯವು ಕಣ್ಣಿಗೆ ಕಾಣುವುದಿಲ್ಲ. ರಕ್ತದೊತ್ತಡದಂತೆ ಇದೂ ಲಕ್ಷಣವಿಲ್ಲದೆ ಬೆಳೆಯುವ ತೊಂದರೆ.

ಬ್ಯಾಂಕುಗಳ ಎಟಿಎಂಗಳಲ್ಲಿ ಎಕ್ಸ್‌ಪಿಯಂತಹ ಬೆಂಬಲವಿಲ್ಲದ ವ್ಯವಸ್ಥೆಗಳು ಮುಂದುವರಿದುದನ್ನು ಗಮನಿಸಿದ ರಿಸರ್ವ್ ಬ್ಯಾಂಕು 2018ರ ಜೂನ್ 21ರಂದು ಸುತ್ತೋಲೆಯೊಂದನ್ನು ಹೊರಡಿಸಿತು. ಅದರಂತೆ ಆ ವರ್ಷದ ಸೆಪ್ಟೆಂಬರಿನೊಳಗೆ ಕಾಲು ಭಾಗ, ಡಿಸೆಂಬರಿನೊಳಗೆ ಅರ್ಧ, 2019ರ ಮಾರ್ಚಿನೊಳಗೆ ಮುಕ್ಕಾಲು, ಜೂನ್ ತಿಂಗಳೊಳಗೆ ಪೂರ್ತಿ ಎಟಿಎಂಗಳನ್ನು ಬೆಂಬಲವುಳ್ಳ ಆವೃತ್ತಿಗೆ ಏರಿಸಬೇಕಾಯಿತು. ಬ್ಯಾಂಕಿನ ಎಟಿಎಂಗೆ ಅನ್ವಯಿಸುವ ವಿವೇಕವು, ಅದೇ ಬ್ಯಾಂಕಿನ ಖಾತೆಯನ್ನು ನೋಡುವ ಮನೆಯ ಗಣಕಕ್ಕೂ ಅನ್ವಯಿಸಬೇಕಲ್ಲವೇ?

ನ್ಹಾವಾ ಶೇವಾದ ಪಾಠ

ತೇಪೆ ಹಾಕದ ಯಂತ್ರದಿಂದ ಎಂತಹ ಹಾನಿಯಾದೀತೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2017ರ ಮೇ 12ರಂದು 'ವಾನಾಕ್ರೈ' ಎಂಬ ಸುಲಿಗೆ ತಂತ್ರಾಂಶವು ಜಗತ್ತಿನಾದ್ಯಂತ ಹರಡಿತು. ಅದು ಬಳಸಿಕೊಂಡ ದೋಷಕ್ಕೆ ಎರಡು ತಿಂಗಳ ಹಿಂದೆಯೇ, ಅಂದರೆ ಮಾರ್ಚಿನಲ್ಲಿಯೇ, ತೇಪೆ ಪ್ರಕಟವಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಆ ಕೆಲವು ದಿನಗಳಲ್ಲಿ ಸುಮಾರು 19,000 ಭೇಟಿಗಳು ರದ್ದಾದವೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯು ಅಂದಾಜು ಮಾಡಿತು. ರೋಗಿಯೊಬ್ಬನಿಗೆ ಶಸ್ತ್ರಚಿಕಿತ್ಸೆಯ ದಿನ ತಪ್ಪಿಹೋಗುವುದಕ್ಕೆ ಗಣಕಯಂತ್ರದ ತೇಪೆಯೂ ಕಾರಣವಾಗಬಹುದೆಂಬುದು ಆಗ ಸ್ಪಷ್ಟವಾಯಿತು.

ಅದೇ ವರ್ಷದ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ಮತ್ತೊಂದು ಪಿಡುಗು ಎದ್ದಿತು. ಉಕ್ರೇನ್ ದೇಶದಲ್ಲಿ ಬಳಕೆಯಲ್ಲಿದ್ದ ಲೆಕ್ಕಪತ್ರದ ತಂತ್ರಾಂಶವೊಂದರ ಪರಿಷ್ಕರಣೆಯ ಮೂಲಕ ಅದು ಹೊರಟು, ಹಡಗು ಸಾಗಣೆಯ ದೊಡ್ಡ ಸಂಸ್ಥೆಯಾದ ಡೆನ್ಮಾರ್ಕಿನ ಮಾರ್ಸ್ಕ್ ಅನ್ನು ಹೊಕ್ಕಿತು. ಆ ಸಮೂಹಕ್ಕೆ ಸೇರಿದ ಟರ್ಮಿನಲ್ ಒಂದು ನವಿ ಮುಂಬಯಿಗೆ ಹೊಂದಿಕೊಂಡ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿದೆ. ಯೂರೋಪಿನಲ್ಲಿ ಹತ್ತಿದ ಬೆಂಕಿಯಿಂದ ಇಲ್ಲಿ ಸರಕು ಏರಿಸಿ ಇಳಿಸುವ ಗಣಕ ವ್ಯವಸ್ಥೆ ನಿಂತುಹೋಗಿ, ಕಂಟೇನರುಗಳ ಓಡಾಟಕ್ಕೆ ಅಡಚಣೆಯಾಯಿತು. ಮಾರ್ಸ್ಕ್ ಸಂಸ್ಥೆಯು 4,000 ಸರ್ವರುಗಳಿಗೂ 45,000 ಗಣಕಗಳಿಗೂ ಹೊಸದಾಗಿ ತಂತ್ರಾಂಶವನ್ನು ತುಂಬಬೇಕಾಯಿತೆಂದು ಅದರ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸಿನಲ್ಲಿ ಹೇಳಿದರು. ಸಂಸ್ಥೆಯು ಅಂದಾಜಿಸಿದ ನಷ್ಟ 20 ಕೋಟಿಯಿಂದ 30 ಕೋಟಿ ಡಾಲರು.

ಈ ಪ್ರಕರಣದಲ್ಲಿ ಮನೆವಾರ್ತೆಗೂ ಸಲ್ಲುವ ಎರಡು ಪಾಠಗಳಿವೆ. ನಾಟ್‌ಪೆಟ್ಯಾ ತೇಪೆಯಿಲ್ಲದ ಯಂತ್ರದ ಮೂಲಕ ಒಳಹೊಕ್ಕ ಮೇಲೆ, ಅಲ್ಲಿ ಸಿಕ್ಕ ಪಾಸ್‌ವರ್ಡುಗಳನ್ನು ಬಳಸಿ ತೇಪೆ ಹಾಕಿದ್ದ ಯಂತ್ರಗಳಿಗೂ ಹಬ್ಬಬಲ್ಲುದಾಗಿತ್ತು. ಅಂದರೆ, ಒಂದು ಹಳೆಯ ಯಂತ್ರವು ತನಗಷ್ಟೇ ಅಲ್ಲದೆ ಅದೇ ಜಾಲದಲ್ಲಿರುವ ಎಲ್ಲಕ್ಕೂ ಅಪಾಯ ತರುತ್ತದೆ. ಇನ್ನೊಂದು ಪಾಠ ಘಾನಾ ದೇಶದಿಂದ ಬಂದದ್ದು. ಮಾರ್ಸ್ಕಿನ ಜಾಲಕ್ಕೆ ಕೀಲಿಕೈಯಂತಿದ್ದ ಸರ್ವರುಗಳೆಲ್ಲ ಅಳಿಸಿಹೋದಾಗ, ಘಾನಾದ ಕಚೇರಿಯಲ್ಲಿದ್ದ ಒಂದು ಮಾತ್ರ ಉಳಿದುಕೊಂಡಿತೆಂದು ವರದಿಯಾಗಿದೆ. ಆ ಹೊತ್ತಿಗೆ ಅಲ್ಲಿ ವಿದ್ಯುತ್ತು ಹೋಗಿ, ಅದು ಜಾಲದಿಂದ ಕಡಿದುಕೊಂಡಿತ್ತು! ಡೊಂಬಿವಲಿ, ಕಲ್ಯಾಣದ ಜನರಿಗೆ ಕರೆಂಟು ಹೋಗುವುದರ ಕಷ್ಟ ಗೊತ್ತು. ಅದರಿಂದ ಉಪಕಾರವಾದ ಅಪರೂಪದ ಸಂದರ್ಭವಿದು. ಪ್ರತ್ಯೇಕವಾಗಿರುವುದೇ ರಕ್ಷಣೆಯೆಂಬ ತತ್ತ್ವವನ್ನು ಇದರಿಂದ ಗ್ರಹಿಸಬೇಕು.

ಪ್ರತ್ಯೇಕ ವಾರ್ಡಿನ ವಿಧಾನ

ಸಾಂಕ್ರಾಮಿಕ ರೋಗವುಳ್ಳವರನ್ನು ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡಿನಲ್ಲಿರಿಸಿ ಚಿಕಿತ್ಸೆ ಮಾಡುತ್ತಾರೆ. ಗುಣವಾದೊಡನೆ ಹೊರಗೆ ಕಳುಹಿಸುತ್ತಾರೆ. ಹಳೆಯ ತಂತ್ರಾಂಶದ ವಿಷಯದಲ್ಲೂ ಇದೇ ಕ್ರಮ ಒಳ್ಳೆಯದು. ಸುಲಭವಾದುದರಿಂದ ಆರಂಭಿಸಿ ಕಷ್ಟವಾದುದರ ಕಡೆಗೆ ಹೋಗಬೇಕು.

1. ಮೂಲ ಸೀಡಿ ಅಥವಾ ಡಿಸ್ಕಿನ ಪೂರ್ತಿ ಪ್ರತಿಯನ್ನು ಮೊದಲು ತೆಗೆದಿರಿಸಬೇಕು. ಮೂಲದ ಮೇಲೆ ಯಾವ ಪ್ರಯೋಗವನ್ನೂ ಮಾಡಕೂಡದು. ಸೀಡಿ ಓದುವ ಹೊರಗಿನ ಡ್ರೈವುಗಳು ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತವೆ. ಪ್ರತಿ ತೆಗೆದ ಕೂಡಲೆ ವೈರಸ್ ಪರೀಕ್ಷೆ ಮಾಡಬೇಕು. ಹಳೆಯ ಡಿಸ್ಕುಗಳಲ್ಲಿ ಹಳೆಯ ವೈರಸ್ಸುಗಳೂ ನಿದ್ರಿಸುತ್ತಿರುತ್ತವೆ.

2. ಹಳೆಯ ತಂತ್ರಾಂಶದ ನೆರವಿಲ್ಲದೆಯೇ ಕಡತವನ್ನು ತೆರೆಯಲಾದೀತೇ ಎಂದು ನೋಡಬೇಕು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ತಂತ್ರಾಂಶವು ಹಳೆಯ ವರ್ಡ್ ಕಡತಗಳನ್ನಲ್ಲದೆ ಅನೇಕ ಪೇಜ್‌ಮೇಕರ್ ಕಡತಗಳನ್ನೂ ತೆರೆಯಬಲ್ಲುದು. ಇಷ್ಟರಿಂದಲೇ ಅರ್ಧ ಕೆಲಸ ಮುಗಿಯುವುದುಂಟು.

3. ತಂತ್ರಾಂಶವು 32 ಬಿಟ್ಟಿನದಾಗಿದ್ದು, ಅದರ ಅಧಿಕೃತ ಸೀಡಿಯು ಕೈಯಲ್ಲಿದ್ದರೆ, ವಿಂಡೋಸಿನ 'ಕಂಪ್ಯಾಟಿಬಿಲಿಟಿ' ಸೌಕರ್ಯವನ್ನು ಬಳಸಬಹುದು. ಸೆಟಪ್ ಕಡತದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಪ್ರಾಪರ್ಟೀಸ್' ಆರಿಸಿದರೆ ಅದು ದೊರೆಯುತ್ತದೆ. ಅಲ್ಲಿ ಹಳೆಯ ಆವೃತ್ತಿಯ ಹೆಸರನ್ನು ಆರಿಸಿದರೆ, ಹೊಸ ವಿಂಡೋಸ್ ಆ ಹಳೆಯದರಂತೆ ನಟಿಸುತ್ತದೆ.

4. ಡಾಸ್ ಕಾಲದ ತಂತ್ರಾಂಶಗಳಿಗೆ 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶವಿದೆ. ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದರ ಅನುಕರಣೆಯನ್ನು ಮಾಡುತ್ತದೆ.

5. ಇವಾವುವೂ ಫಲಿಸದಿದ್ದರೆ ಗಣಕದೊಳಗೊಂದು ಗಣಕವನ್ನು ಕಟ್ಟಬೇಕು. ಇದಕ್ಕೆ 'ವರ್ಚುವಲ್ ಮಶೀನ್' ಎಂದು ಹೆಸರು. 'ವರ್ಚುವಲ್‌ಬಾಕ್ಸ್' ಎಂಬ ಉಚಿತ ತಂತ್ರಾಂಶದಿಂದ ಇದನ್ನು ಸಾಧಿಸಬಹುದು. ಅದರೊಳಗೆ, ಪರವಾನಗಿಯುಳ್ಳ ಹಳೆಯ ವಿಂಡೋಸನ್ನು ಕೂರಿಸಿ, ಅದರ ಮೇಲೆ ಹಳೆಯ ತಂತ್ರಾಂಶವನ್ನು ಕೂರಿಸಬೇಕು. ವಿಂಡೋಸ್ ಎಕ್ಸ್‌ಪಿಯನ್ನು ನೇರವಾಗಿ ಹೊಸ ಯಂತ್ರಕ್ಕೆ ತುಂಬಹೊರಟರೆ ಅದು ಆ ಯಂತ್ರದ ಡಿಸ್ಕನ್ನೇ ಗುರುತಿಸಲಾರದು. ವರ್ಚುವಲ್ ಮಶೀನಿನಲ್ಲಿ ಅದಕ್ಕೆ ಪರಿಚಿತವಾದ ಹಳೆಯ ಬಗೆಯ ಯಂತ್ರವೇ ಕಾಣುವುದರಿಂದ ಆ ತೊಡಕು ಇರುವುದಿಲ್ಲ.

ಈ ಐದನೆಯ ಮಾರ್ಗದಲ್ಲಿ ಒಂದು ಪಥ್ಯವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಒಳಗಿನ ಗಣಕಕ್ಕೆ ಅಂತರ್ಜಾಲದ ಸಂಪರ್ಕವನ್ನು ಕೊಡಲೇಬಾರದು. ವರ್ಚುವಲ್‌ಬಾಕ್ಸಿನ ಜಾಲ ವಿಭಾಗದಲ್ಲಿ ಸಂಪರ್ಕವನ್ನು ಮೊದಲೇ ತೆಗೆದುಹಾಕಿ, ಆಮೇಲೆ ಯಂತ್ರವನ್ನು ಚಾಲೂ ಮಾಡಬೇಕು. ವಿಷಯವನ್ನು ಹೊರತೆಗೆದಾದ ಮೇಲೆ ಅದನ್ನು ಮುಚ್ಚಿಡಬೇಕು. ಹೊಸ ಲೇಖನ, ಹೊಸ ಲೆಕ್ಕ, ಹೊಸ ಪತ್ರ ಯಾವುದನ್ನೂ ಅದರಲ್ಲಿ ಬರೆಯಕೂಡದು. ವಾರ್ಡಿನಲ್ಲಿ ಸಂಸಾರ ಹೂಡುವುದುಂಟೇ?

ಬೀಗದ ತಂತ್ರಾಂಶಗಳಲ್ಲಿ ಈ ಮಾರ್ಗವೂ ಕೆಲವೊಮ್ಮೆ ಸಾಗದು. ಆಗ ಹಳೆಯ ಗಣಕಯಂತ್ರವನ್ನೇ ಜಾಲಕ್ಕೆ ಜೋಡಿಸದೆ ಬಳಸುವುದು ಯುಕ್ತ. ಇಂತಹ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಸಂಘದವರು ಎರಡು ಬಾರಿ ಯೋಚಿಸಬೇಕು. ಗುಜರಿಗೆ ಹಾಕುವುದೇ ಆದರೆ ಹಾರ್ಡ್ ಡಿಸ್ಕನ್ನು ತೆಗೆದಿರಿಸಿಕೊಳ್ಳಬೇಕು.

ಕನ್ನಡ ಕಡತಗಳ ವಿಶೇಷ ತೊಡಕು

ತಂತ್ರಾಂಶವು ತೆರೆದ ಮಾತ್ರಕ್ಕೆ ಕನ್ನಡದ ಕೆಲಸ ಮುಗಿಯುವುದಿಲ್ಲ. ಹಿಂದಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸುಮಾರು ಇನ್ನೂರು ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಗಣಕದ ಪಾಲಿಗೆ ಅದು ರೋಮನ್ ಅಕ್ಷರವೇ. ಫಾಂಟಿನ ಮುಖವಾಡದಿಂದ ಅದು ಕಣ್ಣಿಗೆ ಕನ್ನಡವಾಗಿ ಕಾಣುತ್ತಿತ್ತು. ಒಂದೊಂದು ಸಂಸ್ಥೆಯೂ ತನಗೆ ತೋಚಿದಂತೆ ಮನೆಗಳನ್ನು ಹಂಚಿದ್ದರಿಂದ, ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. ಫಾಂಟು ಕಳೆದುಹೋದರೆ ಲೇಖನವೇ ಕಳೆದುಹೋದಂತೆ.

ಇದಕ್ಕೆ ಪರಿಹಾರವಾಗಿ ಬಂದುದೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡಕ್ಕೆ ಮೀಸಲು; 'ಅ' ಎಂಬುದಕ್ಕೆ 3205, 'ಕ' ಎಂಬುದಕ್ಕೆ 3221. ಯಾವ ದೇಶದ ಯಾವ ಯಂತ್ರದಲ್ಲಿ ತೆರೆದರೂ 3221 ಎಂಬುದು 'ಕ' ಎಂದೇ ಓದಲ್ಪಡುತ್ತದೆ. ಮನೆಯ ಬಣ್ಣ ಬದಲಾದರೂ ಪಿನ್‌ಕೋಡು ಬದಲಾಗದಂತೆ, ಫಾಂಟು ಬದಲಾದರೂ ಅಕ್ಷರವು ಬದಲಾಗುವುದಿಲ್ಲ. ವಿಂಡೋಸಿನಲ್ಲಿ ಈ ಸೌಲಭ್ಯವು 2001ರ ಎಕ್ಸ್‌ಪಿಯಿಂದ 'ತುಂಗಾ' ಎಂಬ ಫಾಂಟಿನೊಡನೆ ಬಂದಿತು. ಆದರೂ ಡಿಟಿಪಿಯವರು ಬಹುಕಾಲ ಹಳೆಯ ಪದ್ಧತಿಯನ್ನೇ ಅನುಸರಿಸಿದ್ದರಿಂದ, ಅನೇಕ ಸಂಚಿಕೆಗಳು ಆ ಹಳೆಯ ಮನೆಗಳಲ್ಲೇ ಉಳಿದಿವೆ.

ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಲು ಸಾಧನಗಳಿವೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಇವುಗಳ ಬಳಗದಲ್ಲಿ ಪರಿವರ್ತಕಗಳಿವೆ. ಯಾವ ಫಾಂಟಿನಲ್ಲಿ ಬರೆದುದೆಂದು ತಿಳಿದಿದ್ದರೆ ಕೆಲಸ ಬೇಗ ಸಾಗುತ್ತದೆ. ಪರಿವರ್ತನೆಯ ಬಳಿಕ ಕರಡು ತಿದ್ದುವುದು ಅನಿವಾರ್ಯ. ಒತ್ತಕ್ಷರಗಳೂ ಅರ್ಕಾವತ್ತೂ ಹೆಚ್ಚಾಗಿ ತಪ್ಪುತ್ತವೆ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಚಿಹ್ನೆಯು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ 'ರ್' ಮೊದಲು ಬರುತ್ತದೆ. ಕೆಲವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೇ ಒತ್ತಿ 'ಧಮ೯' ಎಂದು ಬರೆದುದೂ ಉಂಟು. ಕಣ್ಣು ಅದನ್ನು 'ಧರ್ಮ' ಎಂದು ಓದಿಕೊಂಡರೂ, ಗಣಕದಲ್ಲಿ 'ಧರ್ಮ' ಎಂದು ಹುಡುಕಿದರೆ ಅದು ಸಿಗುವುದಿಲ್ಲ.

ಮೂಲದ ಅಂದವೂ ಉಳಿಯಬೇಕಾದರೆ, ಹಳೆಯ ತಂತ್ರಾಂಶವು ತೆರೆದ ಹೊತ್ತಿನಲ್ಲಿಯೇ ಪುಟಗಳನ್ನು ಫಾಂಟುಸಹಿತವಾಗಿ ಪಿಡಿಎಫ್ ರೂಪದಲ್ಲಿ ಉಳಿಸಿಕೊಳ್ಳಬೇಕು. ಪಿಡಿಎಫ್‌ನಿಂದ ಪುಟದ ನೋಟವು ಉಳಿಯುತ್ತದೆ; ಯೂನಿಕೋಡಿನಿಂದ ಪಠ್ಯವು ಉಳಿಯುತ್ತದೆ. ಎರಡೂ ಬೇಕು.

ಆಸ್ಪತ್ರೆಯ ಸೀಡಿಗಳು

ಆರೋಗ್ಯದ ದೃಷ್ಟಿಯಿಂದ ಇದು ಹೆಚ್ಚು ಮಹತ್ತ್ವದ ವಿಷಯ. ಶ್ವಾಸಕೋಶದಲ್ಲಿ ಚಿಕ್ಕ ಗಂಟೊಂದು ಕಂಡುಬಂದಾಗ, ಅದು ಕೆಲವು ವರ್ಷಗಳ ಹಿಂದಿನ ಸ್ಕ್ಯಾನಿನಲ್ಲೂ ಇತ್ತೇ, ಇದ್ದರೆ ಅದೇ ಗಾತ್ರದಲ್ಲಿತ್ತೇ ಎಂಬುದನ್ನು ವೈದ್ಯರು ತಿಳಿಯಬಯಸುತ್ತಾರೆ. ಬಹುಕಾಲ ಬದಲಾಗದೆ ಉಳಿದ ಗಂಟಿಗೂ ಹೊಸದಾಗಿ ಬೆಳೆದ ಗಂಟಿಗೂ ಮುಂದಿನ ಚಿಕಿತ್ಸೆಯಲ್ಲಿ ಬಹಳ ವ್ಯತ್ಯಾಸವುಂಟು. ಹಳೆಯ ಸೀಡಿಯು ತೆರೆದರೆ ಅನಾವಶ್ಯಕ ತಪಾಸಣೆಯು ತಪ್ಪಲೂಬಹುದು, ಅವಶ್ಯಕವಾದುದು ಬೇಗನೆ ನಡೆಯಲೂಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಗಳನ್ನು ವೈದ್ಯರು ಕಾಪಾಡಬೇಕಾದ ಅವಧಿಯು ಚಿಕಿತ್ಸೆಯ ಆರಂಭದಿಂದ ಮೂರು ವರ್ಷ. ಅದಕ್ಕಿಂತ ಹಳೆಯದಾದರೆ ಮನೆಯ ಕಪಾಟಿನಲ್ಲಿರುವ ಸೀಡಿಯೇ ಏಕೈಕ ಪ್ರತಿಯಾಗಿರುವ ಸಾಧ್ಯತೆಯಿದೆ.

ಸ್ಕ್ಯಾನಿನ ಸೀಡಿಯಲ್ಲಿ ಸಾಧಾರಣವಾಗಿ ಎರಡು ಭಾಗಗಳಿರುತ್ತವೆ. ಒಂದು, ಚಿತ್ರಗಳನ್ನು ತೋರಿಸುವ ತಂತ್ರಾಂಶ, ಇನ್ನೊಂದು, ಚಿತ್ರಗಳೇ. ತಂತ್ರಾಂಶವು ಹಳೆಯದಾದುದರಿಂದ ಹೊಸ ಯಂತ್ರದಲ್ಲಿ ಅದು ಓಡದಿರಬಹುದು. ಅಷ್ಟಕ್ಕೇ ಸೀಡಿ ಕೆಟ್ಟಿತೆಂದು ಎಸೆಯುವವರಿದ್ದಾರೆ. ಹಾಗೆ ಮಾಡಬಾರದು. ಚಿತ್ರಗಳು 'ಡೈಕಾಮ್' ಎಂಬ ಸಾರ್ವತ್ರಿಕ ಮಾನಕದಲ್ಲಿರುತ್ತವೆ. 1993ರಿಂದ ಈ ಹೆಸರಿನಲ್ಲಿ ಬಳಕೆಯಲ್ಲಿರುವ ಈ ಮಾನಕವನ್ನು ಬೇರೆ ಬೇರೆ ತಯಾರಕರ ಯಂತ್ರಗಳೆಲ್ಲವೂ ಅನುಸರಿಸುತ್ತವೆ. ಆದುದರಿಂದ ಸೀಡಿಯಲ್ಲಿನ ಹಳೆಯ ತಂತ್ರಾಂಶವನ್ನು ಓಡಿಸುವ ಗೊಡವೆಗೆ ಹೋಗದೆ, 'ವೀಸಿಸ್' ಮೊದಲಾದ ಇಂದಿನ ಉಚಿತ ಡೈಕಾಮ್ ವೀಕ್ಷಕದಲ್ಲಿ ಆ ಚಿತ್ರಗಳನ್ನು ತೆರೆಯಬಹುದು. ಸೀಡಿಯ ಎಲ್ಲ ಕೋಶಗಳನ್ನೂ ಇದ್ದಂತೆಯೇ ಪೆನ್ ಡ್ರೈವಿಗೆ ನಕಲಿಸಿ, ರೋಗಿಯ ಹೆಸರು, ಪರೀಕ್ಷೆಯ ಹೆಸರು ಮತ್ತು ದಿನಾಂಕವನ್ನು ಕೋಶದ ಹೆಸರಾಗಿ ಬರೆದಿಡಬೇಕು. ಪರದೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ವೈದ್ಯರಿಗೆ ಅಳತೆ ಮಾಡಲು ಬರುವುದಿಲ್ಲ; ಮೂಲ ಕಡತಗಳೇ ಬೇಕು.

ಮಾನಕಕ್ಕೆ ಬದ್ಧವಾದ ಬರಹ ತಂತ್ರಾಂಶವು ಸತ್ತರೂ ಬದುಕುತ್ತದೆ ಎಂಬುದಕ್ಕೆ ಡೈಕಾಮ್ ಒಳ್ಳೆಯ ಉದಾಹರಣೆ. ವೈದ್ಯಕೀಯ ಚಿತ್ರಗಳಿಗೆ ಡೈಕಾಮ್ ಹೇಗೋ ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಹಾಗೆ.

ಲೆಕ್ಕಪತ್ರಗಳು

ಅನೇಕ ಸಂಘಗಳ ಲೆಕ್ಕವು ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶದಲ್ಲಿರುವುದು ಸಾಮಾನ್ಯ. ಟ್ಯಾಲಿ 7.2ರಂತಹ ಹಳೆಯ ಆವೃತ್ತಿಯ ಲೆಕ್ಕವನ್ನು ಮುಂದಿನ ಆವೃತ್ತಿಗೆ ಸಾಗಿಸಲು ಸಂಸ್ಥೆಯೇ ಸಾಧನವನ್ನು ಒದಗಿಸಿದೆ. ಹಳೆಯ ಆವೃತ್ತಿಯನ್ನೇ ಹೊಸ ಯಂತ್ರದಲ್ಲಿ ಎಳೆದಾಡುವುದಕ್ಕಿಂತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುವುದು ಕ್ಷೇಮ. ಪ್ರತಿ ವರ್ಷದ ಲೆಡ್ಜರು, ಆಯವ್ಯಯ ಮತ್ತು ಆಸ್ತಿಹೊಣೆ ಪಟ್ಟಿಗಳ ಪಿಡಿಎಫ್ ಪ್ರತಿಯನ್ನೂ ಕಾಗದದ ಪ್ರತಿಯನ್ನೂ ಇರಿಸಿಕೊಳ್ಳಬೇಕು. ಸಾಗಿಸಿದ ಮೇಲೆ ಹಳೆಯ ಶಿಲ್ಕನ್ನೂ ಹೊಸ ಶಿಲ್ಕನ್ನೂ ತಾಳೆ ನೋಡಬೇಕು. ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯಡಿ ನೋಂದಾಯಿಸಿದ ಸಂಸ್ಥೆಗಳ ಲೆಕ್ಕವು ಪರಿಶೋಧನೆಗೆ ಒಳಪಟ್ಟುದು. 'ತಂತ್ರಾಂಶ ತೆರೆಯಲಿಲ್ಲ' ಎಂಬ ಉತ್ತರವು ಲೆಕ್ಕಪರಿಶೋಧಕರಿಗೆ ಸಲ್ಲದು.

ಕಾನೂನು ಮತ್ತು ಎಚ್ಚರಿಕೆ

ಹಳೆಯ ತಂತ್ರಾಂಶವನ್ನು ಈಗ ಯಾರೂ ಮಾರುತ್ತಿಲ್ಲವಾದ್ದರಿಂದ ಅದು ಎಲ್ಲರ ಸ್ವತ್ತೆಂದು ಭಾವಿಸುವುದು ತಪ್ಪು. ಮಾರಾಟ ನಿಂತರೂ ಗ್ರಂಥಸ್ವಾಮ್ಯ ನಿಲ್ಲುವುದಿಲ್ಲ. 1957ರ ಗ್ರಂಥಸ್ವಾಮ್ಯ ಕಾಯಿದೆಯು ನ್ಯಾಯವಾಗಿ ಕೊಂಡವರಿಗೆ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು ಅವಕಾಶವನ್ನಿತ್ತಿದೆ. ಅದೇ ಕಾಯಿದೆಯ 63ಬಿ ಕಲಮು, ಅಕ್ರಮ ಪ್ರತಿಯೆಂದು ಅರಿತೂ ಗಣಕದಲ್ಲಿ ಬಳಸುವವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ.

ಕಾನೂನಿಗಿಂತಲೂ ಹತ್ತಿರದ ಅಪಾಯ ಬೇರೊಂದಿದೆ. ಬೀಗ ಒಡೆದ 'ಕ್ರ್ಯಾಕ್' ಪ್ರತಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಂಚುವವರು ಧರ್ಮಾರ್ಥವಾಗಿ ಹಂಚುವುದಿಲ್ಲ. 'ಆಂಟಿವೈರಸ್ ಮುಚ್ಚಿ, ಬಳಿಕ ಸೆಟಪ್ ಒತ್ತಿ' ಎಂಬ ಸೂಚನೆಯು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅದೇ ಯಂತ್ರದಲ್ಲಿ ನಿವೃತ್ತಿ ವೇತನದ ಖಾತೆಯನ್ನು ನೋಡುವ ಹಿರಿಯರಿದ್ದಾರೆಂಬುದನ್ನು ಮರೆಯಬಾರದು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಪ್ರಯೋಗಗಳನ್ನು ಮಾಡಕೂಡದು. ಹಣವು ವಂಚನೆಗೆ ಸಿಕ್ಕಿತೆಂದು ತಿಳಿದ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಸಂಘಗಳು ಮಾಡಬಹುದಾದ ಕೆಲಸ

2005ರ ಜುಲೈ 26ರ ಮಳೆಯಲ್ಲಿ ಉಲ್ಹಾಸ ನದಿಯು ಉಕ್ಕಿ ಕಲ್ಯಾಣ, ಬದಲಾಪುರಗಳ ತಗ್ಗಿನ ವಸತಿಗಳಿಗೆ ನುಗ್ಗಿದ ನೆನಪು ಆ ಭಾಗದವರಿಗೆ ಮಾಸಿಲ್ಲ. ಕಾಗದವು ನೀರಿಗೆ ಹೋಗುತ್ತದೆ, ಸೀಡಿಯು ತೇವಕ್ಕೆ ಹೋಗುತ್ತದೆ, ತಂತ್ರಾಂಶವು ಕಾಲಕ್ಕೆ ಹೋಗುತ್ತದೆ. ಆದುದರಿಂದ ಒಂದೇ ಕಡೆ, ಒಂದೇ ರೂಪದಲ್ಲಿ ಯಾವುದನ್ನೂ ಇರಿಸಬಾರದು. ಒಂದು ಪ್ರತಿ ಸಂಘದಲ್ಲಿ, ಒಂದು ಪ್ರತಿ ಬೇರೊಂದು ಊರಿನಲ್ಲಿರುವ ಸದಸ್ಯರ ಮನೆಯಲ್ಲಿ, ಒಂದು ಪ್ರತಿ ಅಂತರ್ಜಾಲದ ಭದ್ರ ಸಂಗ್ರಹದಲ್ಲಿ ಇರುವುದು ಲೇಸು. ಥಾಣೆಯ ಸಂಘದ ಪ್ರತಿಯು ನವಿ ಮುಂಬಯಿಯಲ್ಲೂ ನವಿ ಮುಂಬಯಿಯದು ಥಾಣೆಯಲ್ಲೂ ಇರಬಹುದು.

ಈ ಕೆಲಸಕ್ಕೆ ಬೇಕಾದ ಎರಡು ಬಗೆಯ ಜಾಣ್ಮೆಗಳು ಸಂಘಗಳಲ್ಲಿ ಬೇರೆ ಬೇರೆ ಕೈಗಳಲ್ಲಿವೆ. ಹಿರಿಯರಿಗೆ ಕನ್ನಡ ಬರುತ್ತದೆ, ಗಣಕವು ಬರುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದ ಅನೇಕ ಕಿರಿಯರಿಗೆ ಗಣಕವು ಕರತಲಾಮಲಕ, ಕನ್ನಡದ ಲಿಪಿ ಮಾತ್ರ ಅಪರಿಚಿತ. ಹಳೆಯ ಸಂಚಿಕೆಯ ಕಡತವನ್ನು ಮೊಮ್ಮಗನು ತೆರೆಯಲಿ, ತಪ್ಪಿದ ಅರ್ಕಾವತ್ತನ್ನು ಅಜ್ಜನು ತೋರಿಸಲಿ. ತಿಂಗಳಿಗೊಂದು ಭಾನುವಾರ ಎರಡು ತಾಸು ಹೀಗೆ ಕುಳಿತರೆ ವರ್ಷದೊಳಗೆ ಹಲವು ಸಂಚಿಕೆಗಳು ಹೊಸ ರೂಪಕ್ಕೆ ಬಂದಾವು. ಜೊತೆಗೆ ಕೆಲವು ಮಕ್ಕಳಿಗೆ ಕನ್ನಡ ಓದಲೂ ಬಂದೀತು.

ಆರಂಭಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಸಂಘದ ಕಪಾಟಿನಲ್ಲಿರುವ ಸೀಡಿ, ಫ್ಲಾಪಿ, ಡಿಸ್ಕುಗಳ ಪಟ್ಟಿಯನ್ನು ಮಾಡಿ, ಒಂದೊಂದರ ಮುಂದೆ ವರ್ಷ, ವಿಷಯ, ಬಳಸಿದ ತಂತ್ರಾಂಶ ಮತ್ತು ಫಾಂಟಿನ ಹೆಸರನ್ನು ಬರೆಯುವುದು ಮೊದಲ ಹೆಜ್ಜೆ. ಆ ಹೆಸರುಗಳನ್ನು ಬಲ್ಲ ಹಿರಿಯರು, ಡಿಟಿಪಿ ಮಾಡಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವುದು ಒಳಿತು.